ಎಲೆಕ್ಟ್ರಿಕ್ ಬರುತ್ತೆ, ಅಕೌಸ್ಟಿಕ್ ಬರಲ್ಲ: ಮಲೆನಾಡಿನ ಮಳೆಯಲ್ಲಿ ಹೈಬ್ರಿಡ್ ಗಿಟಾರಿನ ದೋಷ ಹುಡುಕುವ ಬಗೆ

ಆಶ್ಲೇಷ ಮಳೆ ಹಿಡಿದು ಐದಾರು ದಿನವಾಗಿತ್ತು. ಮೂಡಿಗೆರೆ ಕಡೆಯ ಹುಡುಗನೊಬ್ಬ ಗಿಟಾರ್ ಬ್ಯಾಗಿನ ಮೇಲೆ ಗೊಬ್ಬರದ ಚೀಲ ಹೊದಿಸಿಕೊಂಡು ಚಿಕ್ಕಮಗಳೂರಿನ ನನ್ನ ರಿಪೇರಿ ಕೋಣೆಗೆ ಬಂದ. "ಅಣ್ಣ, ಎಲೆಕ್ಟ್ರಿಕ್ ಸೈಡ್ ಚೆನ್ನಾಗಿದೆ. ಅಕೌಸ್ಟಿಕ್ ಸೈಡ್ ಹೋಗ್ಬಿಟ್ಟಿದೆ. ಒಬ್ರಿಗೆ ತೋರಿಸ್ದೆ, ಬ್ರಿಡ್ಜ್ ಸಮೇತ ಪಿಕಪ್ಪೇ ಬದಲಾಯಿಸ್ಬೇಕು ಅಂದ್ರು. ಗಣಪತಿ ಹಬ್ಬಕ್ಕೆ ಪ್ರೋಗ್ರಾಂ ಒಪ್ಕೊಂಡಿದೀನಿ" ಅಂದ. ದನಿ ನಡುಗುತ್ತಿತ್ತು. ವರ್ಷವಿಡೀ ದುಡಿದು ಕೊಂಡ ಹೈಬ್ರಿಡ್ ಗಿಟಾರ್ ಅದು, ಅಂದರೆ ಒಂದರಲ್ಲೇ ಎಲೆಕ್ಟ್ರಿಕ್ ಮತ್ತು ಅಕೌಸ್ಟಿಕ್ ಎರಡೂ ದನಿ ಬರುವಂಥದ್ದು.

"ಬ್ಯಾಟರಿ ಹಾಕಿದ್ದು ಯಾವಾಗ ಮಾರಾಯ?" ಎಂದು ಕೇಳಿದೆ. ಹೋದ ವಾರ ಹೊಸದು ಹಾಕಿದ್ದನಂತೆ. ಆಂಪ್‌ಗೆ ಚುಚ್ಚಿ ನುಡಿಸಿ ನೋಡಿದೆ. ಅಕೌಸ್ಟಿಕ್ ದನಿ ಪೂರ್ತಿ ಹೋಗಿರಲಿಲ್ಲ. ತಗಡು ಬಡಿದ ಹಾಗೆ ತೆಳ್ಳಗೆ ಬರುತ್ತಿತ್ತು, ಆರನೇ ತಂತಿಯಲ್ಲಂತೂ ಬೆರಳು ಸವರಿದ ಸದ್ದು ಬಿಟ್ಟರೆ ಸ್ವರವೇ ಇಲ್ಲ. "ಹೋಗಿದೆ" ಎನ್ನುವುದಕ್ಕೂ "ತೆಳ್ಳಗಾಗಿದೆ" ಎನ್ನುವುದಕ್ಕೂ ಇರುವ ಈ ಅಂತರವೇ ಅವನ ಹಣ ಉಳಿಸಿತು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಮೇಜಿಗೆ ಬರುವ ಇಂಥ ಗಿಟಾರುಗಳಲ್ಲಿ ಪಿಯೆಜೋ, ಅಂದರೆ ಅಕೌಸ್ಟಿಕ್ ದನಿ ಹಿಡಿಯುವ ಹರಳು, ನಿಜವಾಗಿ ಸತ್ತಿರುವುದು ಅಪರೂಪ. ತೇವ, ಕಿಲುಬು, ಬ್ಯಾಟರಿ, ಕೇಬಲ್ ಈ ನಾಲ್ಕನ್ನು ದಾಟಿದ ಮೇಲೆ ಮಾತ್ರ ಪಿಕಪ್ ಬದಲಾಯಿಸುವ ಮಾತೆತ್ತಬೇಕು.

ಒಂದೇ ಮೈಯಲ್ಲಿ ಎರಡು ಕಿವಿ

ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ಕಾಯಿಲ್. ಉಕ್ಕಿನ ತಂತಿ ಅಲುಗಿದರೆ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಹೈಬ್ರಿಡ್ ಗಿಟಾರಿನಲ್ಲಿ ಇದರ ಜೊತೆಗೆ ಬ್ರಿಡ್ಜ್‌ನ (ತಂತಿಗಳನ್ನು ಗಿಟಾರಿನ ಮೈಗೆ ಹಿಡಿದಿಡುವ ಭಾಗ) ಸ್ಯಾಡಲ್ (ತಂತಿ ಕೂರುವ ತುಂಡು) ಒಳಗೋ ಅಡಿಗೋ ಪಿಯೆಜೋ ಹರಳು ಇರುತ್ತದೆ. ಒತ್ತಡ ಬಿದ್ದಾಗ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಕ್ಯೂರಿ ಸಹೋದರರು ತೋರಿಸಿದ್ದು 1880ರಲ್ಲಿ. ತಂತಿಯ ಕಂಪನ ಸ್ಯಾಡಲ್ ಅನ್ನು ಒತ್ತಿ ಬಿಡುವುದನ್ನೇ ಆ ಹರಳು ಕೇಳಿಸಿಕೊಳ್ಳುತ್ತದೆ. ಬ್ಲೆಂಡ್ ನಾಬ್ ಎರಡನ್ನೂ ಬೇಕಾದ ಹದಕ್ಕೆ ಬೆರೆಸುತ್ತದೆ. 1993ರಲ್ಲಿ ಬಂದ ಪಾರ್ಕರ್ ಫ್ಲೈ ಈ ಜೋಡಿಯನ್ನು ಹೆಸರುವಾಸಿ ಮಾಡಿತು. 2019ರಲ್ಲಿ ಬಂದ ಫೆಂಡರ್ ಅಕೌಸ್ಟಾಸೋನಿಕ್ ಟೆಲಿಕಾಸ್ಟರ್ ಇದೇ ದಾರಿಯದು, ಆದರೆ ಅದರಲ್ಲಿ 9 ವೋಲ್ಟ್ ಬ್ಯಾಟರಿ ಬದಲು ಒಳಗೇ ಚಾರ್ಜ್ ಆಗುವ ಬ್ಯಾಟರಿ ಇದೆ. ಟೇಲರ್ ಟಿ5 ಇಟ್ಟುಕೊಂಡವರು ಒಂದು ಗಮನಿಸಿ: ಅದರ ಅಕೌಸ್ಟಿಕ್ ದನಿ ಬರುವುದು ಪಿಯೆಜೋದಿಂದ ಅಲ್ಲ, ಮರದ ಕಂಪನ ಹಿಡಿಯುವ ಅಯಸ್ಕಾಂತದ ಸೆನ್ಸರ್‌ನಿಂದ. ಕೆಳಗೆ ಹೇಳುವ ಪಿಯೆಜೋ ಪರೀಕ್ಷೆಗಳು ಅದಕ್ಕೆ ಹೊಂದುವುದಿಲ್ಲ.

ಎರಡು ಕಿವಿ ಇರುವುದರಿಂದ ದೋಷ ಹುಡುಕುವುದು ಸುಲಭ. ಮೊದಲು ಸ್ವಿಚ್ಚನ್ನು ಬರೀ ಎಲೆಕ್ಟ್ರಿಕ್‌ಗೆ ಹಾಕಿ ನುಡಿಸಿ, ಆಮೇಲೆ ಬರೀ ಅಕೌಸ್ಟಿಕ್‌ಗೆ, ಆಮೇಲೆ ಎರಡೂ ಸೇರಿಸಿ. ಎರಡೂ ಬಾರದಿದ್ದರೆ ಕೇಬಲ್, ಜ್ಯಾಕ್, ಸ್ವಿಚ್ ನೋಡಿ. ಎಲೆಕ್ಟ್ರಿಕ್ ಇದ್ದು ಅಕೌಸ್ಟಿಕ್ ಇಲ್ಲದಿದ್ದರೆ ಬ್ಯಾಟರಿ, ಪ್ರೀಆಂಪ್ (ಪಿಯೆಜೋದ ಸಣ್ಣ ಸಿಗ್ನಲ್‌ಗೆ ಬಲ ಕೊಡುವ ಒಳಗಿನ ಬೋರ್ಡು), ಪಿಯೆಜೋ. ಬಿಡಿಬಿಡಿಯಾಗಿ ಚೆನ್ನಾಗಿದ್ದು ಸೇರಿಸಿದಾಗ ಮಾತ್ರ ಕೆಟ್ಟರೆ ಬಿಡಿಭಾಗ ಯಾವುದೂ ಕೆಟ್ಟಿಲ್ಲ, ಬೆರೆಯುವ ರೀತಿಯಲ್ಲಿ ಎಡವಟ್ಟಿದೆ. ಈ ಮೂರು ನಿಮಿಷದ ಕೆಲಸ ಮಾಡದೆ ಸ್ಕ್ರೂ ಡ್ರೈವರ್ ಮುಟ್ಟಬೇಡಿ.

ಬ್ಯಾಟರಿ, ಕೇಬಲ್, ಜ್ಯಾಕ್

ಬಹಳ ಗಿಟಾರುಗಳಲ್ಲಿ ಬ್ಯಾಟರಿ ಸತ್ತರೂ ಎಲೆಕ್ಟ್ರಿಕ್ ಪಿಕಪ್ ಮಾತಾಡುತ್ತದೆ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಪಿಯೆಜೋಗೆ ಮಾತ್ರ ಪ್ರೀಆಂಪ್ ಬೇಕು. ಹಾಗಾಗಿ ಅಕೌಸ್ಟಿಕ್ ದನಿ ಮೊದಲು ಒಡೆದು, ಗೊರಗೊರ ಎಂದು, ಆಮೇಲೆ ನಿಂತರೆ ಮೊದಲ ಅನುಮಾನ ಬ್ಯಾಟರಿಯದ್ದೇ. ಹೊಸ ಆಲ್ಕಲೈನ್ ಬ್ಯಾಟರಿ ಮೀಟರ್‌ನಲ್ಲಿ 9 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಆದರೆ ಬ್ಯಾಟರಿಯನ್ನು ಹೊರಗೆ ತೆಗೆದು ಅಳೆದರೆ ಮೋಸ ಹೋಗುತ್ತೀರಿ. ಹಳೇ ಬ್ಯಾಟರಿ ಕೆಲಸವಿಲ್ಲದಾಗ ಚೆನ್ನಾಗಿಯೇ ತೋರಿಸಿ, ಕೆಲಸ ಕೊಟ್ಟ ಕೂಡಲೇ ಕುಸಿಯಬಹುದು. ಕ್ಲಿಪ್ಪಿನಲ್ಲೇ ಇಟ್ಟು, ಗಿಟಾರಿಗೆ ಕೇಬಲ್ ಚುಚ್ಚಿ, ಆಗ ಅಳೆಯಿರಿ. ಏಳೂವರೆಗಿಂತ ಕೆಳಗಿದ್ದರೆ ನಾನಂತೂ ಬದಲಾಯಿಸಿಬಿಡುತ್ತೇನೆ. ಗಡಿಯಾರಕ್ಕೆ ಹಾಕುವ ಸಾಧಾರಣ ಕಾರ್ಬನ್ ಬ್ಯಾಟರಿಗಳ ಜಾತಿಯ 9 ವೋಲ್ಟ್ ಬ್ಯಾಟರಿ ಬೇಡ. ಅದು ಸೋರಿ ಕ್ಲಿಪ್ಪು ತಿಂದುಹಾಕುತ್ತದೆ.

ಚುಚ್ಚಿದಾಗ ಮಾತ್ರ ಬ್ಯಾಟರಿ ಕೆಲಸ ಮಾಡಲು ಕಾರಣ ಜ್ಯಾಕ್. ಒಳಗಿರುವುದು ಸಾಮಾನ್ಯವಾಗಿ ಸ್ಟೀರಿಯೊ ಜ್ಯಾಕ್. ಬ್ಯಾಟರಿಯ ಕಪ್ಪು ವೈರು ಅದರ ನಡುವಿನ ಕಾಲಿಗೆ ಹೋಗಿರುತ್ತದೆ. ಮೋನೊ ಪಿನ್ ಒಳಗೆ ಹೋದಾಗ ಅದರ ಉದ್ದನೆಯ ಬುಡ ಆ ನಡುವಿನ ಕಾಲನ್ನು ಗ್ರೌಂಡಿಗೆ ಸೇರಿಸುತ್ತದೆ, ಪ್ರೀಆಂಪ್ ಏಳುತ್ತದೆ. ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. ಒಂದು, ಕೇಬಲ್ ಚುಚ್ಚಿಟ್ಟು ಮಲಗಿದರೆ ಬ್ಯಾಟರಿ ರಾತ್ರಿಯಿಡೀ ಖಾಲಿಯಾಗುತ್ತಲೇ ಇರುತ್ತದೆ. ಇನ್ನೊಂದು, ಯಾರೋ ಕೊಟ್ಟ ಸ್ಟೀರಿಯೊ ಕೇಬಲ್ ಚುಚ್ಚಿದರೆ ನಡುವಿನ ಕಾಲು ಗ್ರೌಂಡಿಗೆ ಸೇರದೆ ಅಕೌಸ್ಟಿಕ್ ಏಳುವುದೇ ಇಲ್ಲ. ಪಿನ್ನಿನ ಮೇಲೆ ಒಂದು ಕಪ್ಪು ಗೆರೆ ಇದ್ದರೆ ಮೋನೊ, ಎರಡಿದ್ದರೆ ಸ್ಟೀರಿಯೊ. ಹಾಗಂತ ಕೆಲವು ಗಿಟಾರುಗಳಲ್ಲಿ ಬೇಕೆಂದೇ ಸ್ಟೀರಿಯೊ ಕೇಬಲ್‌ನಲ್ಲಿ ಎಲೆಕ್ಟ್ರಿಕ್ ಒಂದು ಎಳೆಗೆ, ಅಕೌಸ್ಟಿಕ್ ಇನ್ನೊಂದಕ್ಕೆ ಹೋಗುವಂತೆ ಮಾಡಿರುತ್ತಾರೆ. ನಿಮ್ಮದು ಯಾವುದು ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ನೋಡಿ.

ತಂತಿಯ ಮಾತು ಒಂದು ಇಲ್ಲೇ ಹೇಳಿಬಿಡುತ್ತೇನೆ. "ಹೊಸ ತಂತಿ ಹಾಕಿದ ಮೇಲೆ ಎಲೆಕ್ಟ್ರಿಕ್ ಸೈಡಿನಲ್ಲಿ ದಪ್ಪ ತಂತಿಗಳು ಕೇಳಲ್ಲ" ಎಂದು ಬಂದವರು ಬಹುಪಾಲು ಅಕೌಸ್ಟಿಕ್ ಗಿಟಾರಿನ ಫಾಸ್ಫರ್ ಬ್ರಾಂಜ್ ತಂತಿ ಹಾಕಿರುತ್ತಾರೆ. ಕಂಚಿನ ಸುತ್ತು ಅಯಸ್ಕಾಂತಕ್ಕೆ ಕಾಣುವುದಿಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಕಾಣುತ್ತದೆ. ಸುತ್ತಿಲ್ಲದ ಮೊದಲೆರಡು ತಂತಿ ಕೂಗುತ್ತವೆ, ಉಳಿದ ನಾಲ್ಕು ಪಿಸುಗುಟ್ಟುತ್ತವೆ. ನಿಕ್ಕಲ್ ಸುತ್ತಿನ ತಂತಿ ಹಾಕಿದರೆ ಮುಗಿಯಿತು.

ತೇವ ಕದಿಯುವ ಮಂದ್ರ

ಈಗ ಆ ಹುಡುಗನ ಗಿಟಾರಿಗೆ ಬರುತ್ತೇನೆ. ಬ್ಯಾಟರಿ ಕೆಲಸದಲ್ಲೇ 8.9 ತೋರಿಸಿತು. ಕೇಬಲ್ ಬದಲಾಯಿಸಿದೆ, ಅದೇ ದನಿ. ಪೆನ್ಸಿಲ್ಲಿನ ಹಿಂತುದಿಯಿಂದ ಆರೂ ಸ್ಯಾಡಲ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದೆ. ಎಲ್ಲವೂ ಟಕ್ ಟಕ್ ಎಂದು ಉತ್ತರ ಕೊಟ್ಟವು. ಬ್ರಿಡ್ಜ್ ಜೀವಂತವಾಗಿದೆ ಎಂದಾಯಿತು. ಆದರೆ ಆ ಟಕ್‌ನಲ್ಲಿ ಹೊಟ್ಟೆ ಇರಲಿಲ್ಲ, ಬರೀ ಉಗುರಿನ ಸದ್ದು.

ಇದಕ್ಕೆ ಲೆಕ್ಕವಿದೆ. ಪಿಯೆಜೋ ಹರಳು ವಿದ್ಯುತ್ತಿನ ದೃಷ್ಟಿಯಿಂದ ಒಂದು ಪುಟ್ಟ ಕೆಪಾಸಿಟರ್. 500 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. ಅದರ ಮುಂದೆ ಪ್ರೀಆಂಪ್‌ನ ಇನ್‌ಪುಟ್ 10 ಮೆಗಾಓಮ್ ಇದ್ದರೆ ಸುಮಾರು 32 ಹರ್ಟ್ಸ್ ತನಕ ಸ್ವರಗಳು ಸಲೀಸಾಗಿ ಬರುತ್ತವೆ. ಆರನೇ ತಂತಿಯ ತೆರೆದ ಸ್ವರ 82 ಹರ್ಟ್ಸ್, ಹಾಗಾಗಿ ಏನೂ ಕಳೆಯುವುದಿಲ್ಲ. ಈಗ ಎಲ್ಲೋ ತೇವ ಕೂತು ಸಿಗ್ನಲ್ ವೈರಿನಿಂದ ಗ್ರೌಂಡಿಗೆ ಒಂದು ಕಳ್ಳದಾರಿ ಆಯಿತು, ಒಟ್ಟು ತಡೆ 1 ಮೆಗಾಓಮ್‌ಗೆ ಇಳಿಯಿತು ಎನ್ನಿ. ಆ ಗಡಿ ಒಮ್ಮೆಗೇ 318 ಹರ್ಟ್ಸ್‌ಗೆ ಏರುತ್ತದೆ. ಮೊದಲನೇ ತಂತಿಯ ತೆರೆದ ಸ್ವರವೇ 330. ಅಂದರೆ ಅದಕ್ಕಿಂತ ಕೆಳಗಿನದೆಲ್ಲ ಹಂತಹಂತವಾಗಿ ಕರಗುತ್ತದೆ, ಮಂದ್ರವಾದಷ್ಟೂ ಹೆಚ್ಚು ನಷ್ಟ. ಹರಳಿಗೆ ಏನೂ ಆಗಿಲ್ಲ, ಅದು ಕೊಟ್ಟಿದ್ದು ದಾರಿಯಲ್ಲಿ ಸೋರಿಹೋಗುತ್ತಿದೆ. ಎಲೆಕ್ಟ್ರಿಕ್ ಪಿಕಪ್‌ನ ಕಾಯಿಲ್ ಬರೀ ಕೆಲವು ಕಿಲೋಓಮ್‌ನದ್ದು. ಅದರ ಪಕ್ಕದಲ್ಲಿ 1 ಮೆಗಾಓಮ್ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಅದೇ ಮಳೆ, ಅದೇ ಗಿಟಾರ್, ಒಂದು ಸೈಡ್ ಚೆನ್ನಾಗಿದ್ದು ಇನ್ನೊಂದು ಕೆಡುವುದು ಇದಕ್ಕೇ.

ಹಿಂದಿನ ಮುಚ್ಚಳ ಬಿಚ್ಚಿದೆ. ಮೊದಲು ಮೂಗಿಗೆ ಬಂದದ್ದು ಬೂಷ್ಟಿನ ವಾಸನೆ. ಮುಚ್ಚಳದ ಒಳಮೈಯಲ್ಲಿ ಸಣ್ಣ ಬೆವರು. ಪಿಯೆಜೋದಿಂದ ಬಂದ ತೆಳು ವೈರನ್ನು ಪ್ರೀಆಂಪ್ ಬೋರ್ಡಿಗೆ ಸೇರಿಸಿದ ಜಾಗದಲ್ಲಿ ಹಿಂದೆ ಯಾರೋ ಬೆಸುಗೆ ಹಾಕಿದ್ದರು. ಸುತ್ತಲೂ ಬೆಸುಗೆ ಪೇಸ್ಟ್ ಹಾಗೇ ಬಿಟ್ಟಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ಕಂದು ಬಣ್ಣದ ಅಂಟು, ಅದರ ಅಂಚಿನಲ್ಲಿ ಹಸಿರು ಕಿಲುಬು, ಮೇಲೆ ನೀರಿನ ಪಸೆ. ಆ ಪೇಸ್ಟ್ ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದ್ದು ಸುಮ್ಮನಿತ್ತು. ಆರಿದ್ರಾದಿಂದಲೇ ನೆನೆಯುತ್ತಾ ಬಂದು ಆಶ್ಲೇಷದಲ್ಲಿ ದಾರಿ ಮಾಡಿಕೊಂಡಿತ್ತು.

ನೋಡಿದ್ದನ್ನು ನಂಬಿ ಕೆಲಸಕ್ಕೆ ಇಳಿಯದೆ ಅಳೆದೆ. ಇದು ನೀವೂ ಮಾಡಬಹುದು. ಕೇಬಲ್ ಕಿತ್ತು ಬ್ಯಾಟರಿ ತೆಗೆಯಿರಿ. ಪಿಯೆಜೋ ವೈರನ್ನು ಪ್ರೀಆಂಪ್‌ನಿಂದ ಬೇರೆ ಮಾಡಿ, ಇಲ್ಲದಿದ್ದರೆ ಪ್ರೀಆಂಪ್‌ನ ಒಳತಡೆಯೂ ಲೆಕ್ಕಕ್ಕೆ ಸೇರುತ್ತದೆ. ಮೀಟರನ್ನು ಮೆಗಾಓಮ್‌ಗೆ ಇಟ್ಟು ಸಿಗ್ನಲ್ ಮತ್ತು ಶೀಲ್ಡ್ (ವೈರಿನ ಹೊರಸುತ್ತು, ಗ್ರೌಂಡಿಗೆ ಹೋಗುವಂಥದ್ದು) ನಡುವೆ ಹಿಡಿಯಿರಿ. ಎರಡೂ ಮೊನೆಗಳನ್ನು ಬೆರಳಲ್ಲಿ ಮುಟ್ಟಿಕೊಂಡು ಹಿಡಿಯಬೇಡಿ, ಆಗ ಮೀಟರ್ ಅಳೆಯುವುದು ನಿಮ್ಮ ಮೈಯನ್ನು. ಒಳ್ಳೆಯ ಪಿಯೆಜೋ ಏನೂ ದಾಟಿಸುವುದಿಲ್ಲ, ಮೀಟರ್ ಮಿತಿ ಮೀರಿತು ಎಂದು ತೋರಿಸುತ್ತದೆ. ಅಂಕಿ ಬಂದರೆ ಸೋರಿಕೆ ಆ ಕಡೆ, ಅಂದರೆ ಬ್ರಿಡ್ಜ್ ಅಥವಾ ವೈರಿನಲ್ಲಿದೆ. ಮೀಟರ್‌ನಲ್ಲಿ ಕೆಪಾಸಿಟರ್ ಅಳೆಯುವ ಸೌಲಭ್ಯ ಇದ್ದರೆ ಹರಳಿಗೂ ಸಾಕ್ಷಿ ಸಿಗುತ್ತದೆ. ನೂರಾರು ಪಿಕೋಫ್ಯಾರಡ್ ತೋರಿಸಿದರೆ ಹರಳು ಇದೆ, ವೈರು ತುಂಡಾಗಿಲ್ಲ.

ಹುಡುಗನ ಬ್ರಿಡ್ಜ್ ಕಡೆ ಮಿತಿ ಮೀರಿತ್ತು, ಶುದ್ಧ. ಬೋರ್ಡಿನ ಆ ಅಂಟಿನ ಎರಡು ಬದಿಗೆ ಹಿಡಿದಾಗ 1.2 ಮೆಗಾಓಮ್. "ನೋಡು, ಕಳ್ಳ ಇಲ್ಲಿದಾನೆ" ಎಂದು ತೋರಿಸಿದೆ. ಐಸೋಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಹತ್ತಿಯಿಂದ ಒರೆಸಿ, ಮತ್ತೆ ತಿಕ್ಕಿ, ಮೂರು ಸಲ ಮಾಡಿದೆ. ಒರೆಸದೆ ಬಿಟ್ಟರೆ ಅಂಟು ಕರಗಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ, ಅಷ್ಟೇ. ಆಮೇಲೆ ಮುಚ್ಚಳ ತೆರೆದೇ ಗಿಟಾರನ್ನು ಸಿಲಿಕಾ ಜೆಲ್ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟೆ. ಒಲೆಯ ಹತ್ತಿರ, ಕಾಫಿ ಡ್ರೈಯರ್ ಹತ್ತಿರ, ಹೇರ್ ಡ್ರೈಯರ್ ಬಿಸಿಯಲ್ಲಿ ಒಣಗಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಬೋರ್ಡ್ ಬದುಕಿದರೂ ಅಂಟು ಬಿಟ್ಟು ಮರ ಸೀಳುತ್ತದೆ. ಕರಕರ ಎನ್ನುವ ನಾಬ್‌ಗೆ ಕೊಬ್ಬರಿ ಎಣ್ಣೆ, ಸೀಮೆ ಎಣ್ಣೆ ಬಿಟ್ಟು ತಂದವರನ್ನೂ ಕಂಡಿದ್ದೇನೆ. ಎಣ್ಣೆ ಧೂಳು ಹಿಡಿದು ತಿಂಗಳೊಳಗೆ ಮೊದಲಿಗಿಂತ ಕೆಡುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಿಂಪಡಿಕೆ ಸಾಕು, ಸಿಂಪಡಿಸಿ ನಾಬನ್ನು ಇಪ್ಪತ್ತು ಸಲ ತಿರುಗಿಸಿ.

ಒಂದೇ ತಂತಿ ಮೂಕವಾದರೆ

ಪ್ರತಿ ತಂತಿಗೂ ಬೇರೆ ಪಿಯೆಜೋ ಸ್ಯಾಡಲ್ ಇರುವ ಬ್ರಿಡ್ಜ್‌ನಲ್ಲಿ ಒಂದೇ ತಂತಿಯ ಅಕೌಸ್ಟಿಕ್ ದನಿ ನಿಂತರೆ ಪ್ರೀಆಂಪ್ ಮೇಲೆ ಅನುಮಾನ ಬೇಡ. ಪೆನ್ಸಿಲ್ ತಟ್ಟಿದರೆ ಮೂಕ ಸ್ಯಾಡಲ್ ಯಾವುದೆಂದು ತಿಳಿಯುತ್ತದೆ. ಸಾಮಾನ್ಯ ಕಾರಣ ಕೂದಲೆಳೆಯಂಥ ವೈರು ಬ್ರಿಡ್ಜ್ ಮತ್ತು ಮರದ ನಡುವೆ ಸಿಕ್ಕಿ ನಜ್ಜಾಗಿರುವುದು. ತಂತಿಯ ಎತ್ತರ ಇಳಿಸಿದ ಮೇಲೆ ಶುರುವಾಗಿದ್ದರೆ ಇದೇ. ಅಂಗೈಯ ಬೆವರು ಇಳಿದು ಸ್ಯಾಡಲ್ ಬುಡದಲ್ಲಿ ತುಕ್ಕಾಗಿದ್ದರೂ ಹೀಗಾಗುತ್ತದೆ. ಸ್ಯಾಡಲ್ ಅಡಿಗೆ ಒಂದೇ ಪಟ್ಟಿ ಇರುವ ಗಿಟಾರಿನಲ್ಲಾದರೆ ಒಂದು ತಂತಿ ಕುಗ್ಗಿ ಪಕ್ಕದ್ದು ಕೂಗುವುದು ಸ್ಯಾಡಲ್ ಸಮನಾಗಿ ಕೂತಿಲ್ಲ ಎನ್ನುವುದರ ಗುರುತು. ಸ್ಯಾಡಲ್ ತೆಗೆದು ಅಡಿಯನ್ನು ಗಾಜಿನ ಮೇಲಿಟ್ಟ ಮರಳು ಕಾಗದದಲ್ಲಿ ಉಜ್ಜಿ ಮಟ್ಟ ಮಾಡಿದರೆ ಸರಿಹೋಗುತ್ತದೆ. ಹರಳೇ ಹೋಗಿದೆ ಎಂದು ನಾನು ಒಪ್ಪುವುದು ವೈರು ಸರಿಯಿದ್ದು, ತಟ್ಟಿದರೆ ಸದ್ದಿಲ್ಲದೆ, ಕೆಪಾಸಿಟರ್ ಅಳತೆಯೂ ಸೊನ್ನೆಗೆ ಬಂದಾಗ. ಆಗಲೂ ಆ ಒಂದು ಸ್ಯಾಡಲ್ ಬದಲಾಯಿಸಿದರೆ ಸಾಕು.

ಬೆರೆಸಿದರೆ ಸೊರಗುವ ದನಿ

ಎಲೆಕ್ಟ್ರಿಕ್ ಒಂದೇ ಇದ್ದಾಗ ತುಂಬಿದ ದನಿ, ಅಕೌಸ್ಟಿಕ್ ಒಂದೇ ಇದ್ದಾಗಲೂ ತುಂಬಿದ ದನಿ, ಬ್ಲೆಂಡ್ ನಾಬ್ ನಡುವಿಗೆ ತಂದರೆ ಮಂದ್ರ ಮಾಯ. ಇದು ಫೇಸ್ ತಿರುಗುಮುರುಗಾದ ಲಕ್ಷಣ. ಒಂದು ಸಿಗ್ನಲ್ ಮೇಲೇರುವಾಗ ಇನ್ನೊಂದು ಕೆಳಗಿಳಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಪಿಕಪ್ ಬದಲಾಯಿಸಿದ ಮೇಲೆ ಇದು ಹೆಚ್ಚು. ಪ್ರೀಆಂಪ್‌ನಲ್ಲಿ ಫೇಸ್ ಸ್ವಿಚ್ ಇದ್ದರೆ ಒತ್ತಿ ನೋಡಿ. ಇಲ್ಲದಿದ್ದರೆ ಎಲೆಕ್ಟ್ರಿಕ್ ಪಿಕಪ್‌ನ ಎರಡು ವೈರು ಅದಲುಬದಲು ಮಾಡಬೇಕು. ಪಿಯೆಜೋ ವೈರನ್ನು ತಿರುಗಿಸಬೇಡಿ, ಅದರ ಶೀಲ್ಡ್ ಸಿಗ್ನಲ್ ಆಗಿ ಗುಂಯ್‌ಗುಡುತ್ತದೆ. ಪಿಕಪ್‌ನ ಲೋಹದ ಕವಚ ಅದರ ಗ್ರೌಂಡ್ ವೈರಿಗೇ ಸೇರಿದ್ದರೆ ಮೊದಲು ಆ ಕವಚವನ್ನು ಬಿಡಿಸಿ ಬೇರೆ ಗ್ರೌಂಡ್ ಕೊಡಬೇಕು.

ಗುಂಯ್ ಎನ್ನುವ ಸದ್ದು ಮತ್ತು ಅರ್ಥಿಂಗ್

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಹೆದರಬೇಕಿಲ್ಲ. ಗಿಟಾರಿನ ಗ್ರೌಂಡ್ ನಿಮ್ಮ ಮೈಯನ್ನೂ ಹಿಡಿದುಕೊಂಡಿತು ಎಂದರ್ಥ. ಮುಟ್ಟಿದಾಗ ಹೆಚ್ಚಾದರೆ ಗಿಟಾರಿನ ಗ್ರೌಂಡ್ ವೈರ್ ಎಲ್ಲೋ ಬಿಟ್ಟಿದೆ, ಬ್ರಿಡ್ಜ್‌ನಿಂದ ಜ್ಯಾಕ್ ತನಕ ಮೀಟರ್ ಹಿಡಿದು ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಜುಂಯ್ ಎಂದರೆ ದೋಷ ಗಿಟಾರಿನದ್ದಲ್ಲ, ಸ್ಕ್ವೇರ್ ವೇವ್ ಇನ್ವರ್ಟರ್‌ನದ್ದು. ಮಂಟಪದ ಸೀರಿಯಲ್ ಲೈಟ್ ಆರಿಸಿ ನೋಡುವುದನ್ನೂ ಮರೆಯಬೇಡಿ.

ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ ಎಂದರೆ ಅಲ್ಲಿಗೆ ನಿಲ್ಲಿಸಿ, ಕೇಬಲ್ ಕೀಳಿ. ಇದು ದನಿಯ ಮಾತಲ್ಲ, ಜೀವದ ಮಾತು. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಆಂಪ್‌ನ ಅರ್ಥ್ ತಪ್ಪಿಸಿದ್ದಾರೆಯೇ ನೋಡಿ, ಗುಂಯ್ ಹೋಗಲಿ ಎಂದು ಹಾಗೆ ಮಾಡುವವರಿದ್ದಾರೆ. ಎಸ್ಟೇಟಿನ ಹಳೇ ಮನೆಗಳಲ್ಲಿ ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಎಲ್ಲಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ, ಬೇಸಿಗೆಯಲ್ಲಿ ಅದು ಒಣಗಿ ಕೆಲಸ ಬಿಟ್ಟಿರುತ್ತದೆ. ಎಲೆಕ್ಟ್ರಿಷಿಯನ್ ಬಂದು ಅರ್ಥ್ ಸರಿ ಇದೆ ಎನ್ನುವ ತನಕ ಆ ಪ್ಲಗ್ಗಿನಲ್ಲಿ ಗಿಟಾರ್ ನುಡಿಸಬೇಡಿ.

ಇನ್ನೆರಡು ಸಣ್ಣ ವಿಷಯ. ಅಕೌಸ್ಟಿಕ್ ದನಿ ಮಂಕು ಎನ್ನುವವರು ಅದನ್ನು ಎಲೆಕ್ಟ್ರಿಕ್ ಗಿಟಾರಿನ ಆಂಪ್‌ಗೇ ಕೊಟ್ಟಿರುತ್ತಾರೆ. ಆ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನದನ್ನು ಕತ್ತರಿಸಿಬಿಡುತ್ತದೆ. ಗಿಟಾರಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಡಿಐ ಬಾಕ್ಸ್ ಮೂಲಕ ಮಿಕ್ಸರ್‌ಗೆ ಕೊಟ್ಟು ಕೇಳಿ, ಬೇರೆ ಗಿಟಾರೇ ಅನ್ನಿಸುತ್ತದೆ. ಮಳೆಗಾಲದಲ್ಲಿ ಅಕೌಸ್ಟಿಕ್ ಸೈಡಿನಲ್ಲಿ ಮಾತ್ರ ಝೇಂಕಾರ ಬಂದರೆ ನೆಕ್ ನೋಡಿ. ಮರ ತೇವ ಕುಡಿದು ನೆಕ್ ಅಲುಗಿದೆ, ತಂತಿ ಫ್ರೆಟ್ಟಿಗೆ ಬಡಿಯುತ್ತಿದೆ. ಅಯಸ್ಕಾಂತ ಅಷ್ಟಾಗಿ ಕೇಳಿಸದ ಆ ಬಡಿತವನ್ನು ಪಿಯೆಜೋ ಬಿಡದೆ ಕೇಳಿಸುತ್ತದೆ.

ಮೂರನೇ ದಿನ ಹುಡುಗ ಬಂದ. ಬೋರ್ಡಿನ ಅದೇ ಜಾಗಕ್ಕೆ ಅವನ ಕೈಯಲ್ಲೇ ಮೀಟರ್ ಹಿಡಿಸಿದೆ. ಆ ಸೋರಿಕೆ ಇರಲಿಲ್ಲ. ಮುಚ್ಚಳ ಹಾಕಿ, ಬರೀ ಅಕೌಸ್ಟಿಕ್‌ಗೆ ಸ್ವಿಚ್ ತಿರುಗಿಸಿ, ಆರನೇ ತಂತಿ ಮೀಟಿದ. ಕಿಟಕಿಯ ಗಾಜು ಸಣ್ಣಗೆ ಅದುರಿತು. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು. ಮೆತ್ತನೆ ಬ್ಯಾಗ್ ಬಿಟ್ಟು ಗಟ್ಟಿ ಪೆಟ್ಟಿಗೆ ತೆಗೆದುಕೋ, ಹೊರಗೋಡೆಗೆ ಒರಗಿಸಬೇಡ, ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕು ಎಂದು ಹೇಳಿ ಕಳಿಸಿದೆ. ಹುಬ್ಬೆ ಮಳೆಯಲ್ಲಿ ಹಬ್ಬಕ್ಕೆ ಎರಡು ದಿನ ಮೊದಲು ಫೋನ್ ಮಾಡಿದ್ದ: "ಅಣ್ಣ, ಈಗಷ್ಟೇ ಅಳೆದೆ. ಸೋರಿಕೆ ಏನೂ ತೋರಿಸ್ತಿಲ್ಲ."